ಸರ್ವರ್ ಪ್ಯಾಕೇಜ್ ಟೆಸ್ಟ್ ಮಾಡಲು ಡಾಕರ್, ಪಾಡ್‌ಮ್ಯಾನ್, ಪಿಯುಪಾರ್ಟ್ಸ್, ವಿಎಂ: ಯಾವುದು ಯಾವ ತಪ್ಪನ್ನು ಹಿಡಿಯುತ್ತದೆ?

ಬಳಸುವವರು ಮೊದಲು ಮಾಡುವ ಕೆಲಸ ಇನ್‌ಸ್ಟಾಲ್. ಅಲ್ಲೇ ಎಡವಿದರೆ ಒಳಗಿನ ಕೋಡ್ ಎಷ್ಟು ಚೆನ್ನಾಗಿದ್ದರೂ ಯಾರೂ ಅಲ್ಲಿಯವರೆಗೆ ಬರುವುದೇ ಇಲ್ಲ. ಡೇಟಾ ಇಟ್ಟುಕೊಳ್ಳುವ ಒಂದು ಸರ್ವರಿನ ಪ್ಯಾಕೇಜುಗಳನ್ನು ನಾನು ನೋಡಿಕೊಳ್ಳುತ್ತೇನೆ. ಡೆಬಿಯನ್, ಉಬುಂಟು ಲಿನಕ್ಸ್‌ಗೆ ಡೆಬ್ ಎಂಬ ಬಗೆಯ ಪ್ಯಾಕೇಜ್. ಫೆಡೋರಾ, ರೆಡ್ ಹ್ಯಾಟ್ ಕಡೆಯವರಿಗೆ ಆರ್‌ಪಿಎಂ. ಇವು ಸರಿಯಾಗಿ ಕೂರುತ್ತವೆಯಾ, ಅಪ್‌ಗ್ರೇಡ್ ಆಗುತ್ತವೆಯಾ, ತೆಗೆದಾಗ ಕಸ ಬಿಡದೆ ಹೋಗುತ್ತವೆಯಾ ಅಂತ ನೋಡಲು ಡಾಕರ್, ಪಾಡ್‌ಮ್ಯಾನ್ (ಎರಡೂ ಕಂಟೇನರ್, ಅಂದರೆ ಹೋಸ್ಟ್ ಯಂತ್ರದ ಕರ್ನಲನ್ನೇ ಬಳಸುವ ಪ್ರತ್ಯೇಕ ಪರಿಸರ, ಓಡಿಸುವ ಸಾಧನಗಳು), ಪಿಯುಪಾರ್ಟ್ಸ್ ಮತ್ತು ಪೂರ್ತಿ ವಿಎಂ (ವರ್ಚುವಲ್ ಯಂತ್ರ), ಈ ನಾಲ್ಕನ್ನೂ ಅದೇ ಪ್ಯಾಕೇಜುಗಳ ಮೇಲೆ ಓಡಿಸಿದ್ದೇನೆ. ಯಾವುದು ಎಷ್ಟು ಬೇಗ ಮುಗಿಯುತ್ತದೆ ಅನ್ನುವುದಕ್ಕಿಂತ, ಯಾವುದರ ಕಣ್ಣಿಗೆ ಯಾವ ತಪ್ಪು ಬೀಳುತ್ತದೆ ಅನ್ನುವುದೇ ನನಗೆ ಮುಖ್ಯ.

ಡಾಕರ್

ಬಹುತೇಕ ಎಲ್ಲರೂ ಶುರು ಮಾಡುವುದು ಇಲ್ಲಿಂದ. ಬಹುತೇಕ ಎಲ್ಲ ಸಿಐಗಳಲ್ಲೂ (ಕೋಡ್ ಬದಲಾದಾಗ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆಗಳು) ಸಿಗುತ್ತದೆ, ಬೇಗ ಮುಗಿಯುತ್ತದೆ, ಡೆಬಿಯನ್‌ನ ಮೂರು ಆವೃತ್ತಿ ಬೇಕು ಅಂದರೆ ಮೂರು ಸಾಲು ಬರೆದರೆ ಸಾಕು. ಆದರೆ ಹಸಿರು ಟಿಕ್ ಬಂತು ಅಂತ ಖುಷಿಪಡುವ ಮೊದಲು ಒಂದು ವಿಷಯ ತಿಳಿದಿರಬೇಕು. ಡೆಬಿಯನ್‌ನ ಡಾಕರ್ ಇಮೇಜಿನಲ್ಲಿ (ಕಂಟೇನರ್ ಕಟ್ಟಲು ಬಳಸುವ ಸಿದ್ಧ ಫೈಲುಗಳ ಗಂಟು) ಪಾಲಿಸಿ-ಆರ್‌ಸಿ.ಡಿ ಅನ್ನುವ ಪುಟ್ಟ ಸ್ಕ್ರಿಪ್ಟ್ ಇರುತ್ತದೆ. ಅದು 101 ಎಂದು ಉತ್ತರ ಕೊಡುತ್ತದೆ. ಅಂದರೆ, ಯಾವ ಸರ್ವಿಸನ್ನೂ ಶುರು ಮಾಡಬೇಡಿ. ಜೊತೆಗೆ ಆ ಕಂಟೇನರಿನಲ್ಲಿ ಸರ್ವಿಸುಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಓಡುತ್ತಿರುವುದಿಲ್ಲ. ಇನ್‌ಸ್ಟಾಲ್ ಕೊನೆಯಲ್ಲಿ ಓಡುವ ಪ್ಯಾಕೇಜಿನ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟ್ ಅದನ್ನು ನೋಡಿ ಆ ಭಾಗವನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. ಸರ್ವಿಸನ್ನು ಹೇಗೆ ಓಡಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಯೂನಿಟ್ ಫೈಲಿನಲ್ಲಿ ಪ್ರೋಗ್ರಾಮಿನ ದಾರಿಯೇ ತಪ್ಪಿದ್ದರೂ ಇನ್‌ಸ್ಟಾಲ್ ಪಾಸ್! ಸರ್ವರ್ ಪ್ಯಾಕೇಜಿನಲ್ಲಿ ಜನ ಜಾಸ್ತಿ ಒದ್ದಾಡುವುದು ಸರ್ವಿಸ್ ಏಳದಿದ್ದಾಗ. ಅದನ್ನೇ ಈ ಟೆಸ್ಟ್ ಮುಟ್ಟುವುದಿಲ್ಲ.

ಹಾಗಂತ ಡಾಕರನ್ನು ಪಕ್ಕಕ್ಕಿಡಲೂ ನಾನು ಒಪ್ಪುವುದಿಲ್ಲ. ಈ ಇಮೇಜುಗಳಲ್ಲಿ ಏನೂ ಇರುವುದಿಲ್ಲ ಅನ್ನುವುದೇ ಇವುಗಳ ದೊಡ್ಡ ಗುಣ. ಡೆಬಿಯನ್ ಇಮೇಜಿನಲ್ಲಿ ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಪಿಎಸ್ ಕಮಾಂಡ್ ಕೂಡ ಇಲ್ಲ, ಅದು ಪ್ರಾಕ್‌ಪಿಎಸ್ ಪ್ಯಾಕೇಜಿನಿಂದ ಬರಬೇಕು. ನಿಮ್ಮ ಸ್ಕ್ರಿಪ್ಟ್ ಅದನ್ನು ಬಳಸಿ, ಬೇಕಾದ ಪ್ಯಾಕೇಜುಗಳನ್ನು ಹೇಳುವ ಡಿಪೆಂಡ್ಸ್ ಸಾಲಿನಲ್ಲಿ ಹೆಸರಿಸದೆ ಬಿಟ್ಟಿದ್ದರೆ ಡಾಕರ್ ತಕ್ಷಣ ಹಿಡಿಯುತ್ತದೆ. ವಿಎಂನಲ್ಲಿ ಅದೆಲ್ಲ ಮೊದಲೇ ಇರುತ್ತದೆ, ಹಾಗಾಗಿ ತಪ್ಪು ಅಡಗಿಬಿಡುತ್ತದೆ. ಇದೊಂದರಲ್ಲಿ ಡಾಕರ್ ವಿಎಂಗಿಂತ ಮೇಲು. ಸ್ಲಿಮ್ ಇಮೇಜ್ ಬಳಸುವವರಿಗೆ ಒಂದು ಮಾತು: ಅದರಲ್ಲಿ ಡಾಕ್ಯುಮೆಂಟ್ ಮತ್ತು ಮ್ಯಾನ್ ಪುಟಗಳನ್ನು ಡಿಪಿಕೆಜಿ (ಡೆಬ್ ಹಾಕುವ ಸಾಧನ) ಬೇಕೆಂದೇ ಬಿಟ್ಟುಬಿಡುತ್ತದೆ. ಆ ಫೈಲುಗಳಿವೆಯಾ ಅಂತ ನೋಡುವ ಟೆಸ್ಟ್ ಅಲ್ಲಿ ಸುಮ್ನೆ ಫೇಲ್ ಆಗುತ್ತದೆ.

ಪಾಡ್‌ಮ್ಯಾನ್

ಕಂಟೇನರೇ ಬೇಕು, ಸರ್ವಿಸೂ ಏಳಬೇಕು ಅಂದರೆ ನನ್ನ ಆಯ್ಕೆ ಪಾಡ್‌ಮ್ಯಾನ್. ಕಂಟೇನರಿನ ಕಮಾಂಡ್ ಇನಿಟ್ (ಮೊದಲು ಓಡಿ ಉಳಿದದ್ದನ್ನು ಎಬ್ಬಿಸುವ ಪ್ರೋಗ್ರಾಮ್) ಆಗಿದ್ದರೆ ಅದಕ್ಕೆ ತಾನೇ ಗೊತ್ತಾಗುತ್ತದೆ. ಸಿಸ್ಟಮ್‌ಡಿಗೆ ಬೇಕಾದ ರನ್ ಡೈರೆಕ್ಟರಿ, ಸಿಗ್ರೂಪ್ (ಪ್ರೋಗ್ರಾಮುಗಳನ್ನು ಗುಂಪು ಮಾಡುವ ಕರ್ನಲ್ ಸೌಲಭ್ಯ) ಎಲ್ಲ ಸಿದ್ಧಮಾಡಿ ಕೊಡುತ್ತದೆ. ರೂಟ್ ಹಕ್ಕು ಇಲ್ಲದೆಯೂ ಓಡುತ್ತದೆ. ರೆಡ್ ಹ್ಯಾಟ್ ಇದಕ್ಕೆಂದೇ ಯುಬಿಐ-ಇನಿಟ್ ಇಮೇಜುಗಳನ್ನು ಕೊಡುತ್ತದೆ. ಡೆಬಿಯನ್‌ಗೆ ಸಿಸ್ಟಮ್‌ಡಿ ಹಾಕಿ, ಪಾಲಿಸಿ-ಆರ್‌ಸಿ.ಡಿ ಅಳಿಸಿ ನಾವೇ ಒಂದು ಇಮೇಜ್ ಕಟ್ಟಿಕೊಳ್ಳಬೇಕು. ಅದೇನು ದೊಡ್ಡ ಕೆಲಸವಲ್ಲ.

ಇನ್‌ಸ್ಟಾಲ್ ಆದ ಮೇಲೆ ಸರ್ವಿಸ್ ನಿಜವಾಗಿ ಏಳುತ್ತದೆ, ಪೋರ್ಟ್ ತೆರೆಯುತ್ತದೆ, ಅಪ್‌ಗ್ರೇಡ್ ಆದಾಗ ರೀಸ್ಟಾರ್ಟ್ ಆಗುತ್ತದೆ. ಎಲ್ಲವನ್ನೂ ಟೆಸ್ಟ್ ಮಾಡಬಹುದು. ರನ್ ಡೈರೆಕ್ಟರಿಯೊಳಗೆ ಪೋಸ್ಟ್‌ಇನ್‌ಸ್ಟ್ ಒಂದು ಫೋಲ್ಡರ್ ಮಾಡಿಟ್ಟಿದ್ದರೆ, ಕಂಟೇನರ್ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಅದು ಮಾಯವಾಗಿರುತ್ತದೆ. ಆ ತಪ್ಪೂ ಇಲ್ಲೇ ಸಿಕ್ಕಿಬೀಳುತ್ತದೆ. ಆ ಫೋಲ್ಡರನ್ನು ಯೂನಿಟ್ ಫೈಲಿನ ರನ್‌ಟೈಮ್‌ಡೈರೆಕ್ಟರಿ ಸಾಲಿನಿಂದಲೋ ಸಿಸ್ಟಮ್‌ಡಿಯ ಟೆಂಪ್‌ಫೈಲ್ಸ್ ಮೂಲಕವೋ ಮಾಡಿಸಬೇಕು.

ತೊಂದರೆಯೂ ಇದೆ. ಯೂನಿಟ್ ಫೈಲಿನಲ್ಲಿ ಪ್ರೈವೇಟ್‌ಡಿವೈಸಸ್, ಪ್ರೊಟೆಕ್ಟ್‌ಸಿಸ್ಟಮ್ ತರಹದ ರಕ್ಷಣೆಯ ಸಾಲುಗಳಿದ್ದರೆ ಕೆಲವೊಮ್ಮೆ 226/ನೇಮ್‌ಸ್ಪೇಸ್ ಅಂತ ಸರ್ವಿಸ್ ಬಿದ್ದುಹೋಗುತ್ತದೆ. ತಪ್ಪು ಪ್ಯಾಕೇಜಿನದಲ್ಲ, ಕಂಟೇನರಿನೊಳಗೆ ಅಂಥ ಮೌಂಟ್ ಮಾಡಲು ಅನುಮತಿ ಇಲ್ಲ ಅಷ್ಟೆ. ಟೆಸ್ಟ್ ಪಾಸ್ ಆಗಲಿ ಅಂತ ಆ ಸಾಲುಗಳನ್ನು ತೆಗೆಯುವ ಆಸೆ ಬರುತ್ತದೆ. ದಯವಿಟ್ಟು ತೆಗೆಯಬೇಡಿ. ಬಳಸುವವರ ಸರ್ವರನ್ನು ಕಾಯುವ ಸಾಲುಗಳು ಅವು. ಟೆಸ್ಟಿನಲ್ಲಿ ಮಾತ್ರ ಯೂನಿಟ್ಟಿನ ಸಾಲುಗಳನ್ನು ಬದಲಿಸುವ ಒಂದು ಡ್ರಾಪ್-ಇನ್ ಫೈಲ್ ಹಾಕಿ ಸಡಿಲಿಸಿಕೊಳ್ಳಿ, ಅಸಲಿ ಯೂನಿಟ್ಟನ್ನು ವಿಎಂನಲ್ಲಿ ಪರೀಕ್ಷಿಸಿ.

ಪಿಯುಪಾರ್ಟ್ಸ್

ಇದು ಡೆಬಿಯನ್‌ನವರ ಸಾಧನ, ಡೆಬ್‌ಗೆ ಮಾತ್ರ. ಒಂದು ಖಾಲಿ ಕ್ರೂಟ್ (ಪ್ರತ್ಯೇಕವಾದ ಪುಟ್ಟ ಡೆಬಿಯನ್ ಫೈಲ್ ವ್ಯವಸ್ಥೆ) ಮಾಡಿ, ಅದರೊಳಗಿನ ಫೈಲುಗಳ ಪಟ್ಟಿ ಬರೆದುಕೊಂಡು, ಪ್ಯಾಕೇಜ್ ಹಾಕಿ, ತೆಗೆದು, ಪರ್ಜ್ ಮಾಡಿ (ಕಾನ್ಫಿಗ್ ಸಮೇತ ಅಳಿಸಿ), ಮತ್ತೆ ಪಟ್ಟಿ ಹೋಲಿಸುತ್ತದೆ. ಉಳಿದುಹೋದ ಲಾಗ್, ಮುರಿದ ಸಿಮ್‌ಲಿಂಕ್ ಎಲ್ಲ ಹೊರಬರುತ್ತದೆ.

ಇದರಲ್ಲಿ ನಾನು ಬಹಳ ಮೆಚ್ಚುವುದು ಒಂದು ನಡೆಯನ್ನು. ಪ್ಯಾಕೇಜನ್ನು ತೆಗೆದ ಮೇಲೆ ಅದು ನೆಚ್ಚಿಕೊಂಡಿದ್ದ ಬೇರೆ ಪ್ಯಾಕೇಜುಗಳನ್ನೂ ತೆಗೆದುಹಾಕುತ್ತದೆ, ಪರ್ಜ್ ಮಾಡುವುದು ಆಮೇಲೆ. ತೆಗೆದ ಮೇಲೆ ಓಡುವ ಪೋಸ್ಟ್‌ಆರ್‌ಎಂ ಸ್ಕ್ರಿಪ್ಟ್ ಪರ್ಜ್ ಹೊತ್ತಿನಲ್ಲಿ ಯೂಸರ್ ಖಾತೆ ಅಳಿಸುವ ಡೆಲ್‌ಯೂಸರ್ ಕರೆಯುತ್ತದೆ ಅಂದುಕೊಳ್ಳಿ. ಆ ಕಮಾಂಡ್ ಬರುವುದು ಆಡ್‌ಯೂಸರ್ ಪ್ಯಾಕೇಜಿನಿಂದ, ಅದು ಆಗಲೇ ಹೋಗಿದೆ. ಸ್ಕ್ರಿಪ್ಟ್ ಸಾಯುತ್ತದೆ, ಪರ್ಜ್ ಅರ್ಧಕ್ಕೆ ನಿಲ್ಲುತ್ತದೆ. ಕೈಯಿಂದ ಟೆಸ್ಟ್ ಬರೆಯುವವರಿಗೆ ಈ ಸನ್ನಿವೇಶ ಹೊಳೆಯುವುದೇ ಕಷ್ಟ. ಆದರೆ ಇದೂ ಪಾಲಿಸಿ-ಆರ್‌ಸಿ.ಡಿ ಹಾಕಿಯೇ ಓಡುತ್ತದೆ, ಸರ್ವಿಸ್ ಏಳುವುದಿಲ್ಲ. ಪಾಡ್‌ಮ್ಯಾನ್ ಜೊತೆಗಿರಬೇಕಾದದ್ದು, ಅದರ ಜಾಗಕ್ಕೆ ಬರುವಂಥದ್ದಲ್ಲ.

ಡೆಬಿಯನ್ ಕಡೆ ಆಟೋಪಿಕೆಜಿಟೆಸ್ಟ್ ಕೂಡ ಇದೆ. ಟೆಸ್ಟುಗಳು ಪ್ಯಾಕೇಜಿನ ಜೊತೆಗೇ ಇರುತ್ತವೆ. ಅದೇ ಟೆಸ್ಟನ್ನು ಎಲ್‌ಎಕ್ಸ್‌ಸಿ ಕಂಟೇನರಿನಲ್ಲೂ ಕ್ಯೂಎಮು ವಿಎಂನಲ್ಲೂ ಓಡಿಸಬಹುದು. ಡೆಬಿಯನ್‌ನಲ್ಲಿ ಪಾಸ್ ಆಗುತ್ತಿದ್ದ ಟೆಸ್ಟ್ ಫೇಲ್ ಆದರೆ ಪ್ಯಾಕೇಜ್ ಅನ್‌ಸ್ಟೇಬಲ್ ಶಾಖೆಯಿಂದ ಟೆಸ್ಟಿಂಗ್ ಶಾಖೆಗೆ ದಾಟುವುದು ನಿಲ್ಲುತ್ತದೆ. ಹೊಸಬರಿಗೆ ಒಂದು ಎಚ್ಚರಿಕೆ: ಬೇರೆ ರೀತಿ ಹೇಳದಿದ್ದರೆ, ಸ್ಟ್ಯಾಂಡರ್ಡ್ ಎರರ್‌ಗೆ (ತಪ್ಪಿನ ಸಂದೇಶಗಳು ಬರುವ ಕಡೆ) ಒಂದು ಸಾಲು ಬಂದರೂ ಟೆಸ್ಟ್ ಫೇಲ್ ಎಂದೇ ಲೆಕ್ಕ.

ವಿಎಂ

ಎಲ್ಲಕ್ಕಿಂತ ನಿಧಾನ, ಎಲ್ಲಕ್ಕಿಂತ ನಿಜ. ಕಂಟೇನರಿಗೆ ತನ್ನದೇ ಕರ್ನಲ್ ಇಲ್ಲ, ಅಲ್ವಾ? ಹುಡುಕಾಟದ ಸರ್ವರ್ ಎಲಾಸ್ಟಿಕ್‌ಸರ್ಚ್ ನೋಡಿ. ಮೆಮೊರಿ ಮ್ಯಾಪ್ ಮಿತಿ ಇಷ್ಟು ಇರಬೇಕು ಅಂತ ಅದರ ಪ್ಯಾಕೇಜ್ ಒಂದು ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್) ಫೈಲ್ ಹಾಕುತ್ತದೆ. ಕಂಟೇನರಿನಲ್ಲಿ ಆ ಬೆಲೆ ಹೋಸ್ಟಿನದು. ಫೈಲ್ ಕೆಲಸ ಮಾಡಿತಾ ಇಲ್ಲವಾ ಅಲ್ಲಿ ತಿಳಿಯುವುದಿಲ್ಲ. ಎಸ್‌ಇಲಿನಕ್ಸ್ (ಫೈಲಿನ ಲೇಬಲ್ ನೋಡಿ ಅನುಮತಿ ನಿರ್ಧರಿಸುವ ರಕ್ಷಣೆ) ಕಥೆಯೂ ಅಷ್ಟೆ. ಓಡಿಸುವ ಫೈಲಿಗೆ ತಪ್ಪು ಲೇಬಲ್ ಬಿದ್ದಿದ್ದರೆ ಸಿಸ್ಟಮ್‌ಡಿ 203/ಎಕ್ಸೆಕ್ ಅಂತ ಕೈಚೆಲ್ಲುತ್ತದೆ. ಅದು ಕಾಣುವುದು ಎನ್‌ಫೋರ್ಸಿಂಗ್ ಇರುವ ನಿಜವಾದ ಯಂತ್ರದಲ್ಲೇ. ನೆಟ್‌ವರ್ಕ್ ಏಳುವ ಮೊದಲೇ ಸರ್ವಿಸ್ ಎದ್ದು ವಿಳಾಸ ಸಿಗದೆ ಸಾಯುವ ತಪ್ಪೂ ಅಷ್ಟೆ, ರೀಬೂಟ್ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ವಿಎಂಗಳನ್ನು ಎಬ್ಬಿಸುವ ಸಾಧನ ವೇಗ್ರಂಟ್ ಈ ಕೆಲಸಕ್ಕೆ ಬಹುಕಾಲದ ಸಂಗಾತಿ. 2023ರ ಆಗಸ್ಟ್‌ನಲ್ಲಿ ಅದನ್ನು ಮಾಡುವ ಹ್ಯಾಶಿಕಾರ್ಪ್ ಪರವಾನಗಿಯನ್ನು ಬಿಎಸ್‌ಎಲ್‌ಗೆ (ಬಳಕೆಗೆ ಮಿತಿ ಹಾಕುವ ಪರವಾನಗಿ) ಬದಲಿಸಿತು. ಅದರ ಹಳೆಯ ಬಾಕ್ಸ್‌ಗಳನ್ನು (ಸಿದ್ಧ ವಿಎಂ ಇಮೇಜುಗಳು) ಯಾರು ನವೀಕರಿಸುತ್ತಾರೆ ಅನ್ನುವುದೂ ಯಾವಾಗಲೂ ಸ್ಪಷ್ಟವಿರುವುದಿಲ್ಲ. ಡೆಬಿಯನ್, ಉಬುಂಟು, ಫೆಡೋರಾ ತಾವೇ ಬಿಡುವ ಕ್ಲೌಡ್ ಇಮೇಜನ್ನು ಕ್ಯೂಎಮುನಲ್ಲಿ ನೇರವಾಗಿ ಎಬ್ಬಿಸಿ, ಮೊದಲ ಬೂಟ್‌ನಲ್ಲಿ ಓಡುವ ಕ್ಲೌಡ್-ಇನಿಟ್‌ನಿಂದ ಲಾಗಿನ್ ಕೀ ಹಾಕುವುದು ನನಗೆ ಹೆಚ್ಚು ನೆಮ್ಮದಿ ಕೊಟ್ಟಿದೆ.

ಆರ್‌ಪಿಎಂ ಅಪ್‌ಗ್ರೇಡ್: ಇಲ್ಲಿ ನಿಧಾನವಾಗಿ ಓದಿ

ಯಾವ ಸಾಧನ ಬಳಸಿದರೂ ಒಂದು ಟೆಸ್ಟ್ ಇರಲೇಬೇಕು. ಈಗಾಗಲೇ ಬಿಡುಗಡೆಯಾದ ಹಳೆಯ ಆರ್‌ಪಿಎಂ ಹಾಕಿ, ಕಾನ್ಫಿಗ್ ತಿದ್ದಿ, ಅದರ ಮೇಲೆ ಹೊಸದನ್ನು ಹಾಕುವುದು. ಆರ್‌ಪಿಎಂನಲ್ಲಿ ಹೊಸ ಪ್ಯಾಕೇಜಿನ ಪೋಸ್ಟ್ ಸ್ಕ್ರಿಪ್ಟ್ ಮೊದಲು ಓಡುತ್ತದೆ, ಹಳೆಯದರ ಪ್ರೀಅನ್ ಮತ್ತು ಪೋಸ್ಟ್‌ಅನ್ (ತೆಗೆಯುವ ಮುಂಚೆ ಮತ್ತು ನಂತರದ ಸ್ಕ್ರಿಪ್ಟುಗಳು) ಆಮೇಲೆ. ಪೂರ್ತಿ ತೆಗೆಯುವಾಗ ಈ ಎರಡಕ್ಕೂ 0 ಬರುತ್ತದೆ, ಅಪ್‌ಗ್ರೇಡ್ ಆಗುವಾಗ 1. ಆ ಅಂಕಿ ನೋಡದೆ ಹಳೆಯ ಪ್ರೀಅನ್ ಸರ್ವಿಸನ್ನು ನಿಲ್ಲಿಸಿ ಡಿಸೇಬಲ್ ಮಾಡಿದರೆ, ಅಪ್‌ಗ್ರೇಡ್ ಮುಗಿದಾಗ ಸರ್ವರ್ ಸತ್ತಿರುತ್ತದೆ. ಅದನ್ನು ಹೊಸ ಆವೃತ್ತಿಯಲ್ಲಿ ಸರಿಮಾಡಿದರೂ ಈ ಅಪ್‌ಗ್ರೇಡಿನಲ್ಲಿ ಓಡುವುದು ಹಳೆಯದೇ. ಸರಿಯಾದ ಫಲ ಕಾಣುವುದು ಅದರ ಮುಂದಿನ ಅಪ್‌ಗ್ರೇಡಿನಲ್ಲಿ. ಹೊಸ ಬಿಲ್ಡ್ ಮೇಲೆ ಅದೇ ಬಿಲ್ಡ್ ಹಾಕಿ ನೋಡುವ ಟೆಸ್ಟಿಗೆ ಇದು ಯಾವತ್ತೂ ಕಾಣದು.

ಟೆಸ್ಟ್ ಬರೆಯಲು ಯಾವುದು?

ಬ್ಯಾಟ್ಸ್ ಶೆಲ್ ಬಲ್ಲವರಿಗೆ ಸುಲಭ, ಓದಲೂ ಚೆನ್ನ. ಟೆಸ್ಟುಗಳು ಬೆಳೆದಂತೆ ಕೋಟ್‌ಗಳ ಜಂಜಾಟ ಜಾಸ್ತಿಯಾಗುತ್ತದೆ. ಎಲಾಸ್ಟಿಕ್‌ಸರ್ಚ್‌ನವರು ತಮ್ಮ ಬ್ಯಾಟ್ಸ್ ಪ್ಯಾಕೇಜ್ ಟೆಸ್ಟುಗಳನ್ನು ಆಮೇಲೆ ಜಾವಾಗೆ ತಂದರು. ಗಾಸ್‌ನಲ್ಲಿ ಟೆಸ್ಟುಗಳನ್ನು ಯಾಮಲ್ ಫೈಲಿನಲ್ಲಿ ಬೇಗ ಬರೆಯಬಹುದು, ಆದರೆ ಹಾಕು, ತಿದ್ದು, ಅಪ್‌ಗ್ರೇಡ್ ಮಾಡು, ನೋಡು ಅನ್ನುವ ಸರಣಿ ಅದರಲ್ಲಿ ಹಿಡಿಸುವುದಿಲ್ಲ. ನಾನು ನಿಂತಿದ್ದು ಟೆಸ್ಟ್‌ಇನ್ಫ್ರಾ ಹತ್ತಿರ. ಪೈಥಾನ್‌ನಲ್ಲಿ ಒಮ್ಮೆ ಬರೆದರೆ ಪಾಡ್‌ಮ್ಯಾನ್ ಕಂಟೇನರಿಗೂ ಎಸ್‌ಎಸ್‌ಎಚ್ ಮೂಲಕ ವಿಎಂಗೂ ಅದೇ ಫೈಲ್ ನಡೆಯುತ್ತದೆ. ಎರಡು ಕಡೆ ಫಲ ಬೇರೆ ಬಂದರೆ ವ್ಯತ್ಯಾಸ ಪರಿಸರದ್ದು ಅಂತ ಖಚಿತ.

ನಾಲ್ಕಕ್ಕೂ ಸಮಾನವಾದ ಹೊರೆ ಒಂದಿದೆ: ಹಳೆಯದಾಗುವ ಡಿಸ್ಟ್ರೋಗಳು (ಡೆಬಿಯನ್, ಫೆಡೋರಾ ತರಹದ ಲಿನಕ್ಸ್‌ಗಳು). 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7 ಮುಗಿಯಿತು. ಅದರ ಮಿರರ್ (ಡೌನ್‌ಲೋಡ್ ತಾಣಗಳ) ಪಟ್ಟಿಯೂ ಹೋಯಿತು, ಹಳೆಯ ಪ್ಯಾಕೇಜುಗಳನ್ನಿಡುವ ವಾಲ್ಟ್‌ಗೆ ತಿರುಗಿಸದ ಟೆಸ್ಟುಗಳು ಪ್ಯಾಕೇಜ್ ತಪ್ಪಿಲ್ಲದೆಯೇ ಕೆಂಪಾದವು. ಡೆಬಿಯನ್ 13ರಲ್ಲಿ ಪ್ಯಾಕೇಜ್ ತಾಣದ ಕೀ ಸೇರಿಸುವ ಆಪ್ಟ್-ಕೀ ಕಮಾಂಡ್ ಇಲ್ಲ, ಅದನ್ನು ಬಳಸುವ ಹಳೆಯ ಇನ್‌ಸ್ಟಾಲ್ ಸೂಚನೆ ಅಲ್ಲಿ ನಡೆಯುವುದಿಲ್ಲ. ಟೆಸ್ಟ್ ಪಟ್ಟಿಯಲ್ಲಿ ಪ್ರತಿ ಡಿಸ್ಟ್ರೋ ಪಕ್ಕ ಅದರ ಕೊನೆಯ ದಿನಾಂಕ ಬರೆದಿಡಿ.

ಈಗ ನಮ್ಮಲ್ಲಿ ಪ್ರತಿ ಬದಲಾವಣೆಗೂ ಪಾಡ್‌ಮ್ಯಾನ್ ಮತ್ತು ಪಿಯುಪಾರ್ಟ್ಸ್ ಓಡುತ್ತವೆ. ಡಾಕರ್ ಡಿಪೆಂಡ್ಸ್ ನೋಡಲು ಮಾತ್ರ. ಬಿಡುಗಡೆಗೆ ಮೊದಲು ಕ್ಯೂಎಮು ವಿಎಂ, ರೀಬೂಟ್ ಸಮೇತ. ಒಂದನ್ನೇ ಆರಿಸುವ ಪರಿಸ್ಥಿತಿ ನಿಮ್ಮದಾದರೆ ಪಾಡ್‌ಮ್ಯಾನ್ ತೆಗೆದುಕೊಳ್ಳಿ. ಆರ್‌ಪಿಎಂಗೆ ಪಿಯುಪಾರ್ಟ್ಸ್ ಇಲ್ಲದ್ದರಿಂದ, ಇನ್‌ಸ್ಟಾಲ್‌ಗೆ ಮೊದಲು ಮತ್ತು ತೆಗೆದ ಮೇಲೆ ಫೈಲ್ ಪಟ್ಟಿ ಹೋಲಿಸುವ ಪುಟ್ಟ ಸ್ಕ್ರಿಪ್ಟನ್ನು ಅದೇ ಕಂಟೇನರಿನಲ್ಲಿ ಓಡಿಸಿ. ಡೇಟಾ ಡೈರೆಕ್ಟರಿಯನ್ನು ಮಾತ್ರ ಆ ಹೋಲಿಕೆಯಿಂದ ಹೊರಗಿಟ್ಟು, ಅದು ಉಳಿದಿದೆಯಾ ಅಂತ ಬೇರೆಯಾಗಿ ನೋಡಿ.