ಮಡ್‌ಗಾರ್ಡಿಗೆ ಗ್ರೀಸು, ಗಾಳಿಗಂಡಿಗೆ ಮೇಣ

ಗಾಳಿಯಿಂದ ಎಂಜಿನ್ ತಣಿಯುವ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಮಡ್‌ಗಾರ್ಡುಗಳನ್ನು ಬೆಸೆದಿರುವುದಿಲ್ಲ. ಬೋಲ್ಟಿನಿಂದ ಬಿಗಿದು, ನಡುವೆ ಒಂದು ಪಟ್ಟಿಯನ್ನು ಕೂರಿಸಿರುತ್ತಾರೆ. ಜರ್ಮನಿಯಲ್ಲಿ ಚಳಿಗಾಲದ ರಸ್ತೆಗೆ ಚೆಲ್ಲುವ ಉಪ್ಪು ಚಕ್ರದ ಕೆಸರಿನೊಡನೆ ಹಾರಿ ಆ ಪಟ್ಟಿಯ ಹಿಂದೆ ಸೇರಿಕೊಂಡರೆ ತುಕ್ಕು ಒಳಗಿನಿಂದಲೇ ಆರಂಭವಾಗುತ್ತದೆ, ಹೊರಗಿನ ಬಣ್ಣ ಗುಳ್ಳೆಯೇಳುವ ಹೊತ್ತಿಗೆ ತಗಡು ಜಾಳಾಗಿರುತ್ತದೆ.

ಇಲ್ಲಿ ಸಿಗುವ ಮೂರು ಬಗೆಯ ಲೇಪಗಳನ್ನು, ಅಂದರೆ ಮೇಣ, ಉಣ್ಣೆಯ ಜಿಡ್ಡಿನಿಂದ ತಯಾರಾದ ಲ್ಯಾನೋಲಿನ್ ಎಣ್ಣೆ ಮತ್ತು ಕಾಯಿಸಿ ಸಿಂಪಡಿಸುವ ಗ್ರೀಸನ್ನು, ನನ್ನ ಬೀಟಲ್‌ನ ಬೇರೆ ಬೇರೆ ಮಡ್‌ಗಾರ್ಡುಗಳಿಗೆ ಬಳಸಿ ನೋಡಿದೆ. ಮೇಣ ಅಚ್ಚುಕಟ್ಟಾಗಿ ಒಣಗಿತಾದರೂ ಅದು ಹಳೆಯ ತುಕ್ಕಿನೊಳಗೆ ಇಳಿಯುವುದಿಲ್ಲ. ಚಳಿಗಾಲದ ನಂತರ ಬೋಲ್ಟು ಬಿಚ್ಚಿ ನೋಡಿದಾಗ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದು, ಅವುಗಳ ಕೆಳಗೆ ಕಂದು ನೀರು ಜಿನುಗುತ್ತಿತ್ತು. ಲ್ಯಾನೋಲಿನ್ ಎಣ್ಣೆ ಎಲ್ಲಕ್ಕಿಂತ ಚೆನ್ನಾಗಿ ಒಳಗಿಳಿಯಿತು, ಆದರೆ ಚಕ್ರದ ನೀರಿನ ಹೊಡೆತಕ್ಕೆ ಬೇಗ ತೊಳೆದುಹೋಯಿತು. ಅಲ್ಲದೆ ಅದು ಸಹಜ ರಬ್ಬರನ್ನು ಉಬ್ಬಿಸುವುದರಿಂದ ಪಟ್ಟಿ ಯಾವುದರದ್ದೆಂದು ಮೊದಲೇ ನೋಡಿಕೊಳ್ಳಬೇಕು. ಗ್ರೀಸಿನದು ಗಲೀಜು ಕೆಲಸ: ನೂರು ಡಿಗ್ರಿ ಮೀರಿ ಕಾಯಿಸಬೇಕು, ಮೊದಲ ಬೇಸಿಗೆಯಲ್ಲಿ ಅದು ಕರಗಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಆದರೆ ಆ ಕರಗುವಿಕೆಯೇ ಅದರ ಗುಣ. ಪ್ರತಿ ಸೆಕೆಯಲ್ಲೂ ಅದು ಸಂದಿನೊಳಗೆ ಇನ್ನಷ್ಟು ಹರಿಯುತ್ತದೆ. ಗ್ರೀಸು ಹಾಕಿದ ಕಡೆ ಬೋಲ್ಟು ಕೈಯಲ್ಲೇ ತಿರುಗಿತು. ಮಡ್‌ಗಾರ್ಡಿನ ಮಟ್ಟಿಗೆ ನನಗೆ ಬೇರೆ ಆಯ್ಕೆ ಕಾಣುವುದಿಲ್ಲ.

ಗೆಳೆಯರೊಬ್ಬರ 1973ರ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಯಿತು. ಅದರ ಹಿಂಬದಿಯ ಎರಡೂ ಮೂಲೆಗಳಲ್ಲಿರುವ ಗಾಳಿಗಂಡಿಗಳ ಮೂಲಕ ಎಂಜಿನ್ನಿನ ಫ್ಯಾನು ಗಾಳಿಯನ್ನು ಎಳೆದುಕೊಳ್ಳುವಾಗ ಮಳೆನೀರು, ಧೂಳು, ಎಲೆಚೂರುಗಳೂ ಒಳಗೆ ಬರುತ್ತವೆ. ಅಲ್ಲಿ ಬಳಿದ ಗ್ರೀಸು ಅವೆಲ್ಲವನ್ನೂ ಅಂಟಿಸಿಕೊಂಡು, ಗಂಡಿಯ ತಳದಲ್ಲಿ ಒದ್ದೆ ಮಣ್ಣಿನ ಮೆತ್ತೆಯನ್ನೇ ಕಟ್ಟಿತು. ಇನ್ನೊಂದು ಬದಿಯಲ್ಲಿ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ಪ್ರೈಮರ್ ಹಚ್ಚಿ, ಮೇಲೆ ಮೇಣ ಸಿಂಪಡಿಸಿದ್ದೆವು. ಮೇಣದ ಒಣ ಮೈಗೆ ಧೂಳು ಅಂಟದೆ ನೀರು ಸಲೀಸಾಗಿ ಹರಿದುಹೋಯಿತು. ಗಂಡಿಯಿಂದ ಇಳಿದ ನೀರು ಬ್ಯಾಟರಿಯ ತಟ್ಟೆಯನ್ನು ತಲುಪುವುದರಿಂದ, ಆ ತಟ್ಟೆಗೂ ಅದೇ ಮೇಣವನ್ನು ಹಚ್ಚುವುದು ಒಳ್ಳೆಯದು. ಲ್ಯಾನೋಲಿನ್ ಎಣ್ಣೆಯನ್ನು ನಾನೀಗ ಬಾಗಿಲುಗಳ ಒಳತಳಕ್ಕೆ ಮಾತ್ರ, ಅದೂ ವರ್ಷಕ್ಕೊಮ್ಮೆ, ಬಳಸುತ್ತೇನೆ.