ಗ್ರೀನ್‌ಹೌಸ್‌ನಲ್ಲಿ ಸೌದೆ ಒಲೆ ಇಡುವವರು ದಯವಿಟ್ಟು ಇದನ್ನು ಓದಿ

ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಹಿತ್ತಲಲ್ಲಿ 10 ಅಡಿ ಅಗಲ, 12 ಅಡಿ ಉದ್ದದ ಚಿಕ್ಕ ಗ್ರೀನ್‌ಹೌಸ್ ಇದೆ. ಒಳಗೆ 9 ವರ್ಷದ ಕರಿಬೇವು, ಎರಡು ಕುಂಡ ದುಂಡು ಮಲ್ಲಿಗೆ, ಟೊಮೆಟೊ ಸಸಿಗಳು. ಕರೆಂಟ್ ಬಿಲ್ ಜಾಸ್ತಿ ಬರುತ್ತಿದೆ ಅಂತ ಕಳೆದ ಚಳಿಗಾಲ ಹಳೆಯ ಕಬ್ಬಿಣದ ಸೌದೆ ಒಲೆಯೊಂದನ್ನು ತಂದಿಟ್ಟೆವು.

ನಾನು ಮಲೆನಾಡಿನವಳು. ಬಚ್ಚಲು ಒಲೆಗೆ ಬೆಂಕಿ ಹಾಕಿಯೇ ಬೆಳೆದವಳು, ಇದೇನು ಕಷ್ಟ ಅಂದುಕೊಂಡೆ. ಆದರೆ ಅಲ್ಲಿ ಹಂಚಿನ ಸಂದಿಯಲ್ಲಿ ಹೊಗೆ ತಾನಾಗಿ ಹೋಗುತ್ತಿತ್ತು. ಇಲ್ಲಿ ಬಿಸಿ ಹೋಗಬಾರದು ಅಂತ ಸಂದಿಗಳಿಗೆಲ್ಲ ನಾನೇ ಟೇಪ್ ಅಂಟಿಸಿದ್ದೆ.

ಫೆಬ್ರವರಿಯ ಒಂದು ರಾತ್ರಿ ಹೊರಗೆ ಮೈನಸ್ 15 ಡಿಗ್ರಿ. ಬೆಂಕಿ ಬೆಳಗಿನವರೆಗೆ ಇರಲಿ ಅಂತ ಒಲೆ ತುಂಬ ಸೌದೆ ಹಾಕಿ, ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚಿ ಹೋಗಿ ಮಲಗಿದೆ. ತಪ್ಪಾಗಿದ್ದು ಅಲ್ಲೇ. ಗಾಳಿ ಸಾಲದಿದ್ದರೆ ಸೌದೆ ಉರಿಯುವುದಿಲ್ಲ, ಕಮರುತ್ತದೆ. ಕಾರ್ಬನ್ ಮೊನಾಕ್ಸೈಡ್ ಅನ್ನುವ, ಬಣ್ಣ ವಾಸನೆ ಇಲ್ಲದ ವಿಷಾನಿಲ ಜಾಸ್ತಿಯಾಗುವುದು ಆಗಲೇ. ಬೆಂಕಿ ಕುಗ್ಗಿದಂತೆ ಹೊಗೆ ಕೊಳವೆ ತಣ್ಣಗಾಗುತ್ತದೆ, ಹೊಗೆಯನ್ನು ಮೇಲಕ್ಕೆ ಎಳೆಯುವುದಿಲ್ಲ. ನಮ್ಮ ಕೊಳವೆ ಚಾವಣಿಯಿಂದ ಒಂದೇ ಅಡಿ ಮೇಲಿತ್ತು ಬೇರೆ. ಗಾಳಿ ಬೀಸಿದರೆ ಎಲ್ಲ ವಾಪಸ್ ಒಳಗೇ.

ಬೆಳಗಿನ ಜಾವ 5 ಗಂಟೆಗೆ ನೋಡಲು ಹೋದೆ. ಹೊಗೆ ಕಾಣಲಿಲ್ಲ, ವಾಸನೆಯೂ ಅಷ್ಟಾಗಿ ಇರಲಿಲ್ಲ. ಒಲೆ ಮುಂದೆ ಕೂತು ಕೆಂಡ ಕೆದಕುತ್ತಿದ್ದೆ. ಹಣೆಗೆ ಹಗ್ಗ ಬಿಗಿದ ಹಾಗೆ ತಲೆನೋವು, ಆಮೇಲೆ ವಾಕರಿಕೆ. ನಿದ್ದೆ ಸಾಲದೆ ಹೀಗಾಗಿದೆ ಅಂದುಕೊಂಡೆ. ಏಳಲು ಹೋದರೆ ಕಾಲಲ್ಲಿ ಬಲವಿಲ್ಲ. ನಮ್ಮ ಯಜಮಾನರು ಹುಡುಕಿಕೊಂಡು ಬಂದರು, ಎಳೆದು ಹೊರಗೆ ಹಾಕಿದರು. ಅವರಿಗೆ ಎಚ್ಚರವಾಗದೇ ಇದ್ದಿದ್ದರೆ ಅಂತ ಈಗಲೂ ಭಯವಾಗುತ್ತದೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಆಕ್ಸಿಜನ್ ಕೊಟ್ಟರು.

ಗಿಡಗಳ ಗತಿ ಗೊತ್ತಾಗಿದ್ದು ಮರುದಿನ. ಟೊಮೆಟೊ ಸಸಿಯ ಮಣ್ಣು ಒದ್ದೆಯಾಗಿತ್ತು, ಕಾಂಡ ನೆಟ್ಟಗಿತ್ತು, ಎಲೆಗಳು ಮಾತ್ರ ಮಡಚಿದ ಕೊಡೆಯ ಹಾಗೆ ಕೆಳಕ್ಕೆ ಬಾಗಿದ್ದವು. ಮಲ್ಲಿಗೆ ಮೊಗ್ಗು ಮುಟ್ಟಿದರೆ ಕೈಗೇ ಬರುತ್ತಿತ್ತು. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತಾರಲ್ವಾ, ಆ ಹೊಗೆಯಲ್ಲಿರುವ ಎಥಿಲೀನ್ ಅನಿಲದ್ದೇ ಕೆಲಸ ಇದು.

ಒಲೆ ಇಡಲೇಬೇಕು ಅಂತಿದ್ದರೆ ಮೊದಲು ಕಾರ್ಬನ್ ಮೊನಾಕ್ಸೈಡ್ ಅಲಾರಂ ತನ್ನಿ. ಅದರ ಸದ್ದು ಮನೆಯೊಳಗೂ ಕೇಳಬೇಕು. ಕೊಳವೆ ಚಾವಣಿ ದಾಟಿ ಕಡಿಮೆ ಅಂದರೂ 3 ಅಡಿ ಮೇಲೆ ಹೋಗಲಿ, ಸುತ್ತ 10 ಅಡಿ ದೂರದೊಳಗೆ ಏನೇ ಇದ್ದರೂ ಅದಕ್ಕಿಂತ 2 ಅಡಿ ಎತ್ತರವಿರಲಿ. ಹೊರಗಿನ ಗಾಳಿ ಬರಲು ದಾರಿ ಬಿಡಿ. ಚೆನ್ನಾಗಿ ಒಣಗಿದ ಸೌದೆಯನ್ನೇ ಹಾಕಿ, ಹಸಿ ಸೌದೆಯಿಂದ ಕೊಳವೆಯೊಳಗೆ ಟಾರಿನಂಥ ಮಸಿ ಕಟ್ಟಿ ಅದಕ್ಕೇ ಬೆಂಕಿ ಹತ್ತುತ್ತದೆ. ರಾತ್ರಿಯಿಡೀ ಬರಲಿ ಅಂತ ಕಿಂಡಿ ಮಾತ್ರ ಮುಚ್ಚಬೇಡಿ. ತಲೆ ನೋಯಲು ಶುರುವಾದರೆ ಗಿಡ ನೋಡುತ್ತಾ ನಿಲ್ಲದೆ ಹೊರಗೆ ಓಡಿ ಬನ್ನಿ.

ನಾವು ಆ ಒಲೆಯನ್ನು ತೆಗೆದುಬಿಟ್ಟೆವು. ಎಲೆಯೆಲ್ಲ ಉದುರಿ ನಿಂತಿದ್ದ ಕರಿಬೇವು ಈಗ ಅಡುಗೆಮನೆ ಕಿಟಕಿ ಹತ್ತಿರ ಇದೆ. ಬುಡದಲ್ಲಿ ಎರಡು ಚಿಗುರು ಬಂದಿದೆ.