ಮಲಗಿಸುವುದೋ, ದನಿ ತಗ್ಗಿಸುವುದೋ: ವೈ-ಫೈ ಸಾಧನದ ಬ್ಯಾಟರಿ ಮತ್ತು ವಿಳಂಬ

ಬ್ಯಾಟರಿಯಿಂದ ನಡೆಯುವ ವೈ-ಫೈ ಸಾಧನವೊಂದರ ವಿದ್ಯುತ್ ಖರ್ಚನ್ನು ತಗ್ಗಿಸಲು ನಾನು ಎರಡು ದಾರಿಗಳನ್ನು ಪ್ರಯೋಗಿಸಿ ನೋಡಿದೆ: ಪ್ರಸರಣ ಶಕ್ತಿಯನ್ನು ಇಳಿಸುವುದು ಮತ್ತು ರೇಡಿಯೊವನ್ನು ನಡುನಡುವೆ ಮಲಗಿಸುವುದು. ವಿಳಂಬವನ್ನು ಅಳೆಯಲು, ರೂಟರ್‌ಗೆ ತಂತಿಯಿಂದ ಜೋಡಿಸಿದ ಕಂಪ್ಯೂಟರ್‌ನಿಂದ ಸಾಧನಕ್ಕೆ ಪಿಂಗ್ (ಉತ್ತರ ಬರಲು ಹಿಡಿಯುವ ಹೊತ್ತನ್ನು ತಿಳಿಸುವ ಪುಟ್ಟ ಸಂದೇಶ) ಕಳಿಸುತ್ತಿದ್ದೆ.

ಮೊದಲು ಪ್ರಸರಣ ಶಕ್ತಿಯನ್ನು 20 ಡಿಬಿಎಂನಿಂದ 14ಕ್ಕೆ, ಅಂದರೆ 100 ಮಿಲಿವ್ಯಾಟ್‌ನಿಂದ ಸುಮಾರು 25ಕ್ಕೆ ಇಳಿಸಿದೆ. ರೂಟರ್ ಇದ್ದ ಕೋಣೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎರಡು ಗೋಡೆಗಳಾಚೆಗೆ ಒಯ್ದಾಗ ಸಾಧನವು ತಾನಾಗಿ ಕಡಿಮೆ ವೇಗಕ್ಕೆ ಇಳಿದು ಅಷ್ಟೇ ದತ್ತಾಂಶವನ್ನು ಹೆಚ್ಚು ಹೊತ್ತು ಕಳಿಸಬೇಕಾಯಿತು. ತಲುಪಿತೆಂಬ ಸ್ವೀಕೃತಿ ಬಾರದಿದ್ದಾಗಲೆಲ್ಲ ಮರುಪ್ರಯತ್ನಕ್ಕೆ ಮುಂಚಿನ ಕಾಯುವಿಕೆಯ ಮಿತಿ 15, 31, 63 ಸ್ಲಾಟ್ (ಕಾಯುವಿಕೆಯನ್ನು ಎಣಿಸುವ ಕಿರು ಕಾಲಘಟ್ಟ) ಎಂದು ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ವಿಳಂಬವೂ ಏರುಪೇರಾಯಿತು. ಉಳಿತಾಯವಂತೂ ಅತ್ಯಲ್ಪ, ಏಕೆಂದರೆ ಇಂಥ ಸಾಧನ ಬಹುಪಾಲು ಹೊತ್ತು ಕೇಳುತ್ತಲೇ ಇರುತ್ತದೆ, ಆ ಖರ್ಚು ಪ್ರಸರಣ ಶಕ್ತಿಯನ್ನು ಇಳಿಸಿದ ಮಾತ್ರಕ್ಕೆ ತಗ್ಗುವುದಿಲ್ಲ. ಅಕ್ಕಪಕ್ಕದ ಜಾಲಗಳಿಗೆ ಅಡಚಣೆ ಕಡಿಮೆಯಾಗುತ್ತದೆ ಎಂಬ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ.

ಮಲಗಿಸುವ ವಿಧಾನದಲ್ಲಿ ಸಾಧನಕ್ಕೆ ಬಂದ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ರೂಟರ್ ತನ್ನಲ್ಲೇ ಇಟ್ಟುಕೊಂಡು, ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಹೊರಡುವ ಬೀಕನ್ ಎಂಬ ಪ್ರಕಟಣಾ ಸಂಕೇತದಲ್ಲಿ ಆ ಸುದ್ದಿಯನ್ನು ಸಾರುತ್ತದೆ; ಅದನ್ನು ಕೇಳಲು ಸಾಧನ ಏಳುತ್ತದೆ. ಸೆಕೆಂಡಿಗೊಂದರಂತೆ ಪಿಂಗ್ ಕಳಿಸಿದಾಗ ಉತ್ತರಗಳು ಕೆಲವೇ ಮಿಲಿಸೆಕೆಂಡಿನಿಂದ ನೂರರ ಆಚೀಚೆಯವರೆಗೆ ಚದುರಿದವು. ಅದೇ ಪಿಂಗ್‌ಗಳನ್ನು ಒಂದರ ಹಿಂದೊಂದು ಬೇಗಬೇಗ ಕಳಿಸಿದಾಗ ವಿಳಂಬ ಮಾಯವಾಯಿತು! ಕಾರಣ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು: ಪ್ಯಾಕೆಟ್ ಬಂದ ಮೇಲೆ ಸಾಧನ ಕೊಂಚ ಕಾಲ ಎಚ್ಚರವಾಗಿಯೇ ಉಳಿಯುತ್ತದೆ, ಹಾಗಾಗಿ ನನ್ನ ಅಳತೆಯೇ ಅದನ್ನು ಮಲಗಗೊಡುತ್ತಿರಲಿಲ್ಲ. ಈ ಎರಡೂ ಅಳತೆಗಳನ್ನು ಮಾಡದೆ ಯಾರೂ ತೀರ್ಮಾನಕ್ಕೆ ಬರಬಾರದೆಂದು ನನಗೆ ಅನಿಸುತ್ತದೆ.

ಧ್ವನಿ ಕರೆಗೆ ಬೀಕನ್‌ಗಾಗಿ ಕಾಯುವುದು ಸಲ್ಲದು. ಅಲ್ಲಿ ವೈ-ಫೈ ಮಾನದಂಡದ 802.11ಇ ತಿದ್ದುಪಡಿ ತಂದ ಯು-ಎಪಿಎಸ್‌ಡಿ ಎಂಬ ಮಲಗಿಸುವ ವಿಧಾನ ಮೇಲು. ಸಾಧನ ತಾನೊಂದು ಪ್ಯಾಕೆಟ್ ಕಳಿಸಿದೊಡನೆ ರೂಟರ್ ತನ್ನಲ್ಲಿರುವುದನ್ನು ಒಪ್ಪಿಸುತ್ತದೆ, ಕರೆಯಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಹೊರಡುವುದರಿಂದ ಕಾಯುವಿಕೆ ಅಷ್ಟರೊಳಗೇ ನಿಲ್ಲುತ್ತದೆ. ಮಾತನಾಡದಿದ್ದಾಗ ಪ್ಯಾಕೆಟ್ ಕಳಿಸದ ತಂತ್ರಾಂಶವಿದ್ದರೆ ಮಾತ್ರ ದತ್ತಾಂಶವಿಲ್ಲದ ಬರಿದಾದ ಫ್ರೇಮ್‌ಗಳನ್ನಾದರೂ (ರೇಡಿಯೊ ಕಳಿಸುವ ಸಂದೇಶಗಳನ್ನಾದರೂ) ಕಳಿಸುತ್ತಿರಬೇಕು. ದಿನಕ್ಕೆ ಕೆಲವೇ ಸಲ ಆದೇಶ ಪಡೆಯುವ ನನ್ನ ಸಂವೇದಕವನ್ನು ನಾನು ಪೂರ್ಣ ಪ್ರಸರಣ ಶಕ್ತಿಯಲ್ಲೇ ಇಟ್ಟು, ಮೂರು ಬೀಕನ್‌ಗಳಿಗೊಮ್ಮೆ, ಅಂದರೆ ಸುಮಾರು 307 ಮಿಲಿಸೆಕೆಂಡಿಗೊಮ್ಮೆ ಏಳುವಂತೆ ಮಾಡಿದ್ದೇನೆ.